ಒತ್ತು, ಬಿಡು, ನೋಡು

ಜನವರಿ 9

ತಮ್ಮನಿಗೆ,

‘ನಾನಿಲ್ಲಿ ಕ್ಷೇಮ’ ಎಂದು ಬರೆದು, ಹೊಡೆದುಹಾಕಿ, ಬೇರೆ ಹಾಳೆ ತೆಗೆದುಕೊಂಡಿದ್ದೇನೆ. ಒಂಬತ್ತು ವರ್ಷದ ಮೇಲೆ ಬರೆಯುವ ಮೊದಲ ಸಾಲೇ ಸುಳ್ಳಾಗುವುದು ಬೇಡ. ನಿನ್ನ ವಿಳಾಸ ಕೊಟ್ಟದ್ದು ಚಿಕ್ಕಮ್ಮ. ಅವಳನ್ನು ಬಯ್ಯಬೇಡ, ಮೂರು ದಿನ ಬೆನ್ನುಬಿದ್ದು ಕಾಡಿದ ಮೇಲೆ ಕೊಟ್ಟಳು. ನೀನು ಬಸ್ ಕಂಡಕ್ಟರ್ ಆಗಿದ್ದೀಯಂತೆ, ಡಿಪೋ ಹಿಂದಿನ ಕೋಣೆಯಲ್ಲಿ ಒಬ್ಬನೇ ಇದ್ದೀಯಂತೆ. ನನಗೆ ಗೊತ್ತಿರುವುದು ಇಷ್ಟೇ.

ವಿಷಯಕ್ಕೆ ಬರುತ್ತೇನೆ. ಎರಡು ವರ್ಷದಿಂದ ನನಗೆ ಉಸಿರು ಸಾಲುತ್ತಿಲ್ಲ. ನನ್ನ ಕೋಣೆಗೆ ಇಪ್ಪತ್ತೆರಡು ಮೆಟ್ಟಿಲು. ಮೊದಲು ಹನ್ನೆರಡನೆಯದರಲ್ಲಿ ನಿಲ್ಲುತ್ತಿದ್ದೆ, ಆಮೇಲೆ ಎಂಟರಲ್ಲಿ, ಈಗ ನಾಲ್ಕು ನಾಲ್ಕಕ್ಕೆ ನಿಲ್ಲುತ್ತೇನೆ. ನಮ್ಮ ತೊಗಲು ಹದಮಾಡುವ ಕಾರ್ಖಾನೆಯ ಡಾಕ್ಟರು ಆಸ್ತಮಾ ಎಂದರು. ಅವರ ಔಷಧಿ ತಗಡಿನ ಮೇಲೆ ನೀರು ಸುರಿದಂತಾಯಿತು. ಕೊನೆಗೆ ದೊಡ್ಡಾಸ್ಪತ್ರೆಗೆ ಹೋದೆ. ಅಲ್ಲಿ ದಪ್ಪ ಕನ್ನಡಕದ ಒಬ್ಬ ಡಾಕ್ಟರಮ್ಮ, ನನ್ನ ಮಗಳಾಗುವ ವಯಸ್ಸು, ರಕ್ತ ಪರೀಕ್ಷೆ ಮಾಡಿಸಿ ಎದುರಿಗೆ ಕೂರಿಸಿಕೊಂಡು ಹೇಳಿದರು.

“ನಿಮ್ಮ ರಕ್ತದ ಬಿಳಿ ಕಣಗಳ ಹತ್ರ ಒಂದು ಕಿಣ್ವ ಇರುತ್ತಮ್ಮ. ಪ್ರೋಟೀನು ಕತ್ತರಿಸೋ ಕಿಣ್ವ. ರೋಗಾಣು ಒಳಗೆ ಬಂದ್ರೆ ಅದನ್ನ ಕತ್ತರಿಸಿ ಹಾಕುತ್ತೆ. ಕೆಲಸ ಮುಗಿದ ಮೇಲೆ ಅದನ್ನ ನಿಲ್ಸೋಕೆ ಲಿವರು ಇನ್ನೊಂದು ಪ್ರೋಟೀನು ಮಾಡಿ ಕಳಿಸುತ್ತೆ. ನಿಮ್ಮಲ್ಲಿ ಆ ನಿಲ್ಸೋದೇ ಇಲ್ಲ. ಅದಕ್ಕೇ ಕತ್ತರಿಸೋದು ನಿಮ್ಮ ಶ್ವಾಸಕೋಶವನ್ನೇ ಕತ್ತರಿಸ್ತಾ ಇದೆ.”

“ಅಂದ್ರೆ ಪೀಪಾಯಿಗೆ ಪುಡಿ ಹಾಕಿ, ತೊಳೆಯೋದು ಮರೆತಿದ್ದಾರೆ ಅನ್ನಿ,” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ನಿನಗೆ ಅರ್ಥವಾಗುತ್ತದೆ. ಅಪ್ಪ ನಮ್ಮಿಬ್ಬರನ್ನೂ ಹದದ ಪೀಪಾಯಿಯ ಪಕ್ಕ ನಿಲ್ಲಿಸಿಕೊಂಡು ಕಲಿಸಿದ್ದು ನೆನಪಿದೆಯಲ್ಲ? ಅದೂ ಕತ್ತರಿಸುವ ಕಿಣ್ವದ ಪುಡಿಯೇ, ಹಾಕಿದರೆ ತೊಗಲಿನ ಬಿಗುವೆಲ್ಲ ಕರಗಿ ಮೆತ್ತಗಾಗುತ್ತದೆ. ತೊಗಲನ್ನು ಹೆಬ್ಬೆರಳಿನಿಂದ ಒತ್ತು, ಬಿಡು, ನೋಡು. ಗುರುತು ಹಾಗೇ ನಿಂತರೆ ಹದ ಬಂತು. ತಕ್ಷಣ ತಣ್ಣೀರು, ಆಮೇಲೆ ಉಪ್ಪು ಮತ್ತು ಹುಳಿಯ ನೀರು. ತಡಮಾಡಿದರೆ ಪುಡಿ ತೊಗಲನ್ನೇ ತಿಂದು ಜಾಳಿಗೆ ಮಾಡುತ್ತದೆ. ಡಾಕ್ಟರಮ್ಮ ನನ್ನ ಎದೆಯ ಫೋಟೋ ಬೆಳಕಿಗೆ ಹಿಡಿದು ತೋರಿಸಿದರು. ಜಾಳುಬಿದ್ದ ತೊಗಲೇ ಅದು. ಇಪ್ಪತ್ತಾರು ವರ್ಷ ಬೇರೆಯವರ ತೊಗಲಿಗೆ ಎಲ್ಲಿ ನಿಲ್ಲಿಸಬೇಕೆಂದು ಹೇಳಿದವಳು ನಾನು! ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡಲಿ ಹೇಳು.

ಕಾರ್ಖಾನೆಯ ಪುಡಿ ಉಸಿರಿಗೆ ಹೋಗಿಯೇ ಹೀಗಾಯಿತೇ ಎಂದು ಕೇಳಿದೆ. ಆ ಧೂಳು ಒಳ್ಳೆಯದನ್ನೇನೂ ಮಾಡಿಲ್ಲ, ಆದರೆ ಬೇರು ಇರುವುದು ಹುಟ್ಟಿನಲ್ಲಿ ಎಂದರು. ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು ಸೇರಿ ಬಂದದ್ದಂತೆ. ಅಪ್ಪ ಐವತ್ತೆಂಟಕ್ಕೆ ಉಸಿರಿಲ್ಲದೆ ಹೋದ ಕಥೆ ಕೇಳಿ, “ನಿಮಗೆ ಒಡಹುಟ್ಟಿದೋರು ಇದಾರಾ?” ಎಂದರು. ಇದ್ದಾನೆ ಎಂದೆ. ಅವನಲ್ಲೂ ಇರುವ ಸಾಧ್ಯತೆ ಅರ್ಧಕ್ಕರ್ಧ ಎಂದರು.

ಇದರ ಜೊತೆ ಒಂದು ಕಾರ್ಡು ಇದೆ, ಒಂದು ಚುಚ್ಚುವ ಸೂಜಿ ಇದೆ. ಬೆರಳು ಚುಚ್ಚಿಕೊಂಡು ಕಾರ್ಡಿನ ನಾಲ್ಕು ವೃತ್ತಗಳನ್ನು ರಕ್ತದಿಂದ ತುಂಬಿಸು, ಒಣಗಿಸು, ನನಗೆ ಕಳಿಸು. ಇಷ್ಟು ಮಾಡಿದರೆ ಸಾಕು. ಕಾಗದ ಬರೆಯಬೇಕೆಂದೇನೂ ಇಲ್ಲ.

ನಿನ್ನ ಅಕ್ಕ


ಫೆಬ್ರವರಿ 20

ತಮ್ಮನಿಗೆ,

ಕಾಗದ ಬೇಡ ಎಂದಿದ್ದೆ ನಿಜ. ಕಾರ್ಡೂ ಬೇಡ ಎಂದಿರಲಿಲ್ಲ.

ನನ್ನನ್ನು ಪೀಪಾಯಿಯಿಂದ ಉಗ್ರಾಣದ ಕುರ್ಚಿಗೆ ಹಾಕಿದ್ದಾರೆ. ದಿನಕ್ಕೆ ಎರಡು ಸಲ ಮೇಸ್ತ್ರಿ ಒಂದು ಬಕೆಟ್ಟಿನಲ್ಲಿ ತೊಗಲಿನ ತುಂಡು ತರುತ್ತಾನೆ. ನಾನು ಒತ್ತಿ, ಬಿಟ್ಟು, ನೋಡಿ, ಆಯಿತು ಎಂದೋ ಇನ್ನೂ ಇಲ್ಲ ಎಂದೋ ಹೇಳುತ್ತೇನೆ. ದಿನವಿಡೀ ನಾನಾಡುವ ಮಾತು ಅವೆರಡೇ. ಸಂಜೆ ಕೋಣೆಗೆ ಬಂದರೆ ಅವೂ ಇಲ್ಲ. ನಿನ್ನೆ ಅಂಗಡಿಯಲ್ಲಿ ಅರ್ಧ ಬ್ರೆಡ್ಡು ಕೇಳಿದಾಗ ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು.

ಸೂಜಿಗೆ ಹೆದರುತ್ತೀಯಾ? ಚಿಕ್ಕವನಿದ್ದಾಗ ಲಸಿಕೆಯವರು ಬಂದರೆ ಮಂಚದ ಕೆಳಗೆ ಸೇರಿಕೊಂಡು ‘ನಾನು ಮನೇಲಿಲ್ಲ’ ಎಂದು ಅಲ್ಲಿಂದಲೇ ಕೂಗುತ್ತಿದ್ದೆ. ಈಗಲೂ ಹಾಗೇ ಮಾಡುತ್ತಿದ್ದೀಯೇನೋ. ಹೊರಗೆ ಬಾ.

ಅಕ್ಕ


ಮಾರ್ಚ್ 18

ತಮ್ಮಾ,

ಕಾರ್ಡು ಬಂತು. ಜೊತೆಗೆ ಒಂದು ಅಕ್ಷರವೂ ಇರಲಿಲ್ಲ. ಇರಲಿ. ಲಕೋಟೆಯ ಮೇಲೆ ನನ್ನ ವಿಳಾಸವಿತ್ತು, ನಿನ್ನ ಕೈಬರಹ ಹಾಗೇ ಇದೆ, ‘ಕ’ ಬರೆದರೆ ಈಗಲೂ ಬಲಕ್ಕೆ ಬೀಳುತ್ತದೆ. ಒಳಗೆ ಕಾಗದವಿದೆಯೇ ಎಂದು ಇಣುಕಿ, ಕಾರ್ಡನ್ನು ಹೊರತೆಗೆಯದೆ ಹಾಗೇ ಡಾಕ್ಟರಮ್ಮನಿಗೆ ಕೊಟ್ಟೆ. ಅವರೂ ಹಾಗೇ ಪ್ರಯೋಗಾಲಯಕ್ಕೆ ಕಳಿಸಿದರು. ಹತ್ತು ದಿನಕ್ಕೆ ವಾಪಸು ಬಂತು. ‘ಮಾದರಿ ಕೆಟ್ಟಿದೆ, ಪರೀಕ್ಷೆ ಸಾಧ್ಯವಿಲ್ಲ’ ಎಂದು ಮೊಹರು ಹೊಡೆದಿದ್ದರು.

“ನಿಮ್ಮ ತಮ್ಮ ಇದೇನಮ್ಮ ಮಾಡಿದಾರೆ? ಹನಿ ಬೀಳಿಸಿ ಅಂದ್ರೆ ಹೆಬ್ಬೆಟ್ಟು ಒತ್ತಿದಾರೆ. ಅವರಿಗೆ ಓದು ಬರಲ್ವಾ?” ಎಂದರು ಡಾಕ್ಟರಮ್ಮ.

ನಾಲ್ಕು ವೃತ್ತ, ನಾಲ್ಕು ಹೆಬ್ಬೆರಳು. ಒಂದೊಂದರಲ್ಲೂ ಗೆರೆ ಗೆರೆ ಕಾಣುವ ಹಾಗೆ, ಅಂಚು ಹರಡದ ಹಾಗೆ, ನೇರವಾಗಿ ಒತ್ತಿ ನೇರವಾಗಿ ಎತ್ತಿದ್ದೀಯ. ಅಪ್ಪ ನೋಡಿದ್ದರೆ ಶಭಾಷ್ ಎನ್ನುತ್ತಿದ್ದ. ನಮ್ಮ ಮನೆಯಲ್ಲಿ ಪರೀಕ್ಷೆ ಎಂದರೆ ಹೆಬ್ಬೆರಳು ತಾನೇ ಮುಂದೆ ಬರುತ್ತದೆ ಎಂದು ಆ ಡಾಕ್ಟರಮ್ಮನಿಗೆ ಹೇಗೆ ಹೇಳಲಿ? ನಾನು ನಕ್ಕುಬಿಟ್ಟೆ. ನಕ್ಕು ನಕ್ಕು ಉಸಿರುಕಟ್ಟಿ, ನರ್ಸು ಓಡಿಬಂದು ಮೂಗಿಗೆ ಗಾಳಿಯ ಕೊಳವೆ ಹಾಕಿದಳು. ಅದನ್ನು ಹಾಕಿಕೊಂಡೇ ಅತ್ತೆ. ಒಂಬತ್ತು ವರ್ಷದಲ್ಲಿ ನಿನ್ನಿಂದ ನನ್ನ ಕೈಗೆ ಬಂದ ಮೊದಲ ವಸ್ತು ಅದು.

ಆ ಕಾರ್ಡನ್ನು ಕೇಳಿ ಇಸಿದುಕೊಂಡು ಬಂದಿದ್ದೇನೆ. ಹಾಸಿಗೆ ಪಕ್ಕದ ಗೋಡೆಗೆ ಸಿಕ್ಕಿಸಿದ್ದೇನೆ. ಬೇರೆ ಕಾರ್ಡು ಇದರೊಳಗಿದೆ. ಈ ಸಲ ಒತ್ತಬೇಡ. ಹನಿ ತಾನಾಗಿ ಬೀಳಲಿ.

ಇನ್ನೊಂದು ಮಾತು. ಅಪ್ಪನನ್ನು ಮಣ್ಣು ಮಾಡಿದ ದಿನ ನಾನು ನಿನಗೆ ಅಂದದ್ದು ತಪ್ಪು. ಅಪ್ಪನ ರಕ್ತದಲ್ಲೇ ಇದು ಇತ್ತು ಎನ್ನುತ್ತಾರೆ ಡಾಕ್ಟರು. ನಿನಗೆ ತಿಳಿಯಲೆಂದು ಬರೆದಿದ್ದೇನೆ.

ಅಕ್ಕ


ಏಪ್ರಿಲ್ 2

ಅಕ್ಕನಿಗೆ,

‘ಅಂದದ್ದು ತಪ್ಪು.’ ‘ತಿಳಿಯಲೆಂದು ಬರೆದಿದ್ದೇನೆ.’ ಡಿಪೋದಲ್ಲಿ ನೋಟೀಸು ಅಂಟಿಸುತ್ತಾರಲ್ಲ, ಇಂತಿಂಥ ಬಸ್ಸು ಇಂದಿನಿಂದ ಈ ದಾರಿಯಲ್ಲಿ ಹೋಗುವುದಿಲ್ಲ ಎಂದು, ಹಾಗಿದೆ ನಿನ್ನ ಕ್ಷಮಾಪಣೆ.

ಅಂದದ್ದು ಏನೆಂದು ಬರೆಯಲು ನಿನ್ನ ಕೈ ಬರಲಿಲ್ಲ. ನಾನೇ ಬರೆಯುತ್ತೇನೆ. ಆ ಸಂಜೆ ಅಪ್ಪ ದಿಂಬಿಗೆ ಒರಗಿ ಕೂತಿದ್ದ. ಒಂದು ಸಿಗರೇಟು ಬೇಕು ಎಂದ. ಹಚ್ಚೋಲ್ಲ, ಸುಮ್ನೆ ಕೈಯಲ್ಲಿ ಹಿಡ್ಕೋತೀನಿ ಎಂದ. ‘ಮನೆಯಲ್ಲಿ ಸಿಗರೇಟಿಲ್ಲ’ ಎಂದೆ ನೀನು. ನಾನು ನೀನು ಬಚ್ಚಿಡುವ ಜಾಗಗಳನ್ನೆಲ್ಲ ಹುಡುಕಿದೆ. ಹಿಟ್ಟಿನ ಡಬ್ಬಿ, ಕನ್ನಡಿಯ ಹಿಂದೆ, ಹಳೇ ಬೂಟಿನೊಳಗೆ. ಅಪ್ಪ ನನ್ನನ್ನು ಪತ್ತೇದಾರ ಎನ್ನುತ್ತಿದ್ದ, ನಿನ್ನನ್ನು ಪೊಲೀಸಮ್ಮ ಎನ್ನುತ್ತಿದ್ದ. ಅವತ್ತು ಪತ್ತೇದಾರನಿಗೆ ಏನೂ ಸಿಗಲಿಲ್ಲ. ಅಂಗಡಿಗೆ ಓಡಿದೆ. ಬೀದಿಯ ಅಂಗಡಿ ಮುಚ್ಚಿತ್ತು, ಬಸ್ ನಿಲ್ದಾಣದವರೆಗೆ ಓಡಿದೆ. ವಾಪಸು ಬಂದಾಗ ಅಪ್ಪ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಕೈಯಲ್ಲಿ ಪ್ಯಾಕೆಟ್ಟು ನೋಡಿ ನೀನು ಕಿರುಚಿದೆ. ಮಾರನೆಯ ದಿನ ಮಣ್ಣಿಗೆ ಇಳಿಸುವಾಗ, ಎಲ್ಲರ ಎದುರಿಗೆ, ಮತ್ತೆ ಹೇಳಿದೆ: “ಅಪ್ಪನ್ನ ಕೊಂದಿದ್ದು ನೀನೇ. ತಂದು ತಂದು ಕೊಟ್ಟು ಕೊಂದೆ.”

ಅಲ್ಲಿಯವರೆಗೆ ನಾನು ಒಂದು ಸಿಗರೇಟೂ ಸೇದಿದವನಲ್ಲ ಅಕ್ಕ. ತರುತ್ತಿದ್ದೆ, ಕೊಡುತ್ತಿದ್ದೆ, ಅಷ್ಟೆ. ಆ ಪ್ಯಾಕೆಟ್ಟು ಜೇಬಿನಲ್ಲಿಯೇ ಉಳಿದಿತ್ತು. ಊರು ಬಿಟ್ಟ ದಿನ ಅದರಿಂದಲೇ ಮೊದಲನೆಯದನ್ನು ಹಚ್ಚಿದೆ. ಅಪ್ಪನಿಗೆ ಕೊಟ್ಟ ವಿಷ ನಾನೂ ಕುಡಿಯುವುದೇ ನ್ಯಾಯ ಅನ್ನಿಸಿತು. ಒಂಬತ್ತು ವರ್ಷ ಆ ನ್ಯಾಯ ತಪ್ಪಿಲ್ಲ. ಈಗ ನೀನು ಬರೆಯುತ್ತೀಯ, ತಪ್ಪು ರಕ್ತದ್ದು ಎಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಯಿತು.

ಎರಡನೆಯ ಕಾರ್ಡು ನನ್ನ ಬಳಿ ಇದೆ. ಕಳಿಸುವುದಿಲ್ಲ. ಇದೆ ಎಂದು ತಿಳಿದರೆ ಏನು ಮಾಡಲಿ, ಇಲ್ಲ ಎಂದು ತಿಳಿದರೆ ಏನು ಮಾಡಲಿ? ನಿನಗೆ ಗೊತ್ತಿರಲಿ, ನನಗೆ ಈಗ ಸೀಟಿ ಊದಲು ಉಸಿರು ಸಾಲುವುದಿಲ್ಲ. ಚಿಲ್ಲರೆ ನಾಣ್ಯದಿಂದ ಬಸ್ಸಿನ ತಗಡಿಗೆ ಬಡಿದು ರೈಟ್ ಹೇಳುತ್ತೇನೆ. ಡ್ರೈವರಿಗೆ ಅಭ್ಯಾಸವಾಗಿದೆ.

ತಮ್ಮ


ಏಪ್ರಿಲ್ 21

ತಮ್ಮಾ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಎಷ್ಟೋ ಉತ್ತರ ಬರೆದೆ. ಎಲ್ಲದರಲ್ಲೂ ನಿನ್ನ ಆರೋಗ್ಯ, ಡಾಕ್ಟರು ಹೇಳಿದ್ದು, ಸಿಗರೇಟು ಬಿಡು ಎಂಬ ಉಪದೇಶ. ಎಲ್ಲವನ್ನೂ ಹರಿದು ಹಾಕಿದೆ. ಬರೆಯಬೇಕಾದದ್ದು ಒಂದೇ ಮಾತು, ಅದನ್ನು ಬಿಟ್ಟು ಊರೆಲ್ಲ ಸುತ್ತುತ್ತಿದ್ದೆ.

ಅವತ್ತು ಮನೆಯಲ್ಲಿ ಪ್ಯಾಕೆಟ್ಟು ಇತ್ತು.

ನಾನು ಕೆಲಸದಿಂದ ಆಗ ತಾನೇ ಬಂದಿದ್ದೆ, ತೊಗಲಿನ ಏಪ್ರನ್ ಇನ್ನೂ ಮೈಮೇಲೆಯೇ ಇತ್ತು. ಬೆಳಗ್ಗೆ ಅಪ್ಪನ ದಿಂಬಿನ ಕೆಳಗಿಂದ ತೆಗೆದ ಪ್ಯಾಕೆಟ್ಟು ಅದರ ಜೇಬಿನಲ್ಲಿತ್ತು. ನೀನು ಹಿಟ್ಟಿನ ಡಬ್ಬಿಗೆ ಕೈ ಹಾಕುತ್ತಿದ್ದಾಗ ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ. ನೀನು ಬೂಟು ಅಲ್ಲಾಡಿಸಿದಾಗ ಒಳಗೊಳಗೇ ನಗು ಬಂದಿತ್ತು ನನಗೆ, ಗೆದ್ದೆ ಎಂದು. ನೀನು ಓಡಿದೆ. ಅಪ್ಪ ಬಾಗಿಲನ್ನೇ ನೋಡುತ್ತಿದ್ದ. “ಎಲ್ಲಿ ಹೋದ ಪತ್ತೇದಾರ?” ಎಂದ. ಈಗ ಬರ್ತಾನೆ ಎಂದೆ. ಮತ್ತೆ ಕೇಳಿದ. ಮೂರನೆಯ ಸಲ ಕೇಳಲು ಉಸಿರಿರಲಿಲ್ಲ. ಬರೀ ಬಾಯಿ ಆಡಿತು.

ನಾನು ಆ ಪ್ಯಾಕೆಟ್ಟು ತೆಗೆದು ಕೊಟ್ಟಿದ್ದರೆ ಅಪ್ಪ ಅದನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ, ನೀನು ಮನೆಯಲ್ಲೇ ಇರುತ್ತಿದ್ದೆ. ಅಪ್ಪನ ಜೀವ ಉಳಿಯುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೆ ಅಪ್ಪ ಹೋಗುವಾಗ ನೀನು ಎದುರಿಗೆ ಇರುತ್ತಿದ್ದೆ. ಅದನ್ನು ನಿನ್ನಿಂದಲೂ ಅಪ್ಪನಿಂದಲೂ ಕಿತ್ತುಕೊಂಡವಳು ನಾನು. ಬಾಗಿಲಲ್ಲಿ ನಿನ್ನನ್ನು ನೋಡಿದಾಗ ಈ ಮಾತು ನೀನು ಹೇಳುತ್ತೀಯೆಂದು ಹೆದರಿದೆ. ನೀನು ಬಾಯಿ ತೆಗೆಯುವ ಮೊದಲೇ ನಾನು ತೆಗೆದೆ. ಮಾರನೆಯ ದಿನ ಮತ್ತೆ ಹೇಳಿದ್ದೂ ಅದಕ್ಕೇ. ಕುಂಬಳಕಾಯಿ ಕಳ್ಳಿ ಹೆಗಲು ಮುಟ್ಟಿಕೊಳ್ಳುವ ಬದಲು ಪಕ್ಕದವನ ಹೆಗಲು ತೋರಿಸಿದಳು.

ಆ ಪ್ಯಾಕೆಟ್ಟು ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಒಳಗೆ ಏಳು ಸಿಗರೇಟಿವೆ. ಎಸೆಯಲು ಆಗಲಿಲ್ಲ.

ತಪ್ಪಾಯಿತು ತಮ್ಮಾ. ನೋಟೀಸಲ್ಲ ಇದು. ನೀನು ಕ್ಷಮಿಸಬೇಕೆಂದು ಕೇಳುವುದಿಲ್ಲ, ಕೇಳುವ ಮುಖ ನನಗಿಲ್ಲ. ಆದರೆ ನಾನು ಆಡಿದ ಸುಳ್ಳಿಗೆ ನೀನು ನಿನ್ನ ಎದೆ ಸುಟ್ಟುಕೊಳ್ಳಬೇಡ. ಹೊಗೆ ಹೋದಲ್ಲಿಗೆಲ್ಲ ಆ ಕತ್ತರಿಸುವ ಕಿಣ್ವ ಗುಂಪುಕಟ್ಟಿ ಬರುತ್ತದಂತೆ. ನಾನು ಸೇದದೆಯೇ ಹೀಗಾಗಿದ್ದೇನೆ. ನೀನು ನಲವತ್ತಕ್ಕೇ ಸೀಟಿ ಬಿಟ್ಟಿದ್ದೀಯ. ನನಗೆ ಭಯವಾಗುತ್ತಿದೆ.

ಅಕ್ಕ


ಮೇ 30

ತಮ್ಮಾ,

ಉತ್ತರವಿಲ್ಲ. ಬರಬೇಕೆಂಬ ಹಕ್ಕೂ ನನಗಿಲ್ಲ. ಸುಮ್ಮನೆ ಒಂದು ಸುದ್ದಿ ಬರೆಯುತ್ತೇನೆ.

ಮೇಸ್ತ್ರಿ ಬಕೆಟ್ಟು ತರುವುದನ್ನು ನಿಲ್ಲಿಸಿದ್ದಾನೆ. ಹೊಸಬಳು ಒಬ್ಬಳು ಹದ ನೋಡಲು ಕಲಿತಿದ್ದಾಳೆ. ಒಳ್ಳೆಯ ಕೈ, ಸ್ವಲ್ಪ ಆತುರ. ಹೀಗಾಗಿ ದಿನದ ಆ ಎರಡು ಮಾತೂ ಹೋದವು. ಕೆಳಗಿನ ಮನೆಯವರು ನೆಲಮಟ್ಟದ ಒಂದು ಕೋಣೆ ಬಿಟ್ಟುಕೊಟ್ಟಿದ್ದಾರೆ, ಇನ್ನು ಮೆಟ್ಟಿಲಿಲ್ಲ. ಸಾಮಾನು ಸಾಗಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಿನ್ನ ಕಾರ್ಡನ್ನು ಎಲ್ಲಕ್ಕಿಂತ ಮೊದಲು ಗೋಡೆಗೆ ಸಿಕ್ಕಿಸಿದೆ. ನಾಲ್ಕು ಹೆಬ್ಬೆರಳು. ಕೆಲವು ದಿನ ಅದರ ಜೊತೆಗೇ ಮಾತಾಡುತ್ತೇನೆ, ನೀನು ನಗಬೇಡ.

ಅಕ್ಕ


ಜೂನ್ 17

ಅಕ್ಕನಿಗೆ,

ಇದರೊಳಗೆ ಕಾರ್ಡು ಇಟ್ಟಿದ್ದೇನೆ. ಹನಿ ಬೀಳಿಸಿದ್ದೇನೆ, ಒತ್ತಿಲ್ಲ. ಒತ್ತದೆ ಇರುವುದು ಕಷ್ಟವಾಯಿತು.

ನಿನ್ನ ಏಪ್ರಿಲ್ ತಿಂಗಳ ಕಾಗದಕ್ಕೆ ಉತ್ತರ ಈಗ ಕೇಳಬೇಡ. ಮೊದಲ ಒಂದು ವಾರ ನಿನ್ನ ಮೇಲೆ ಎಷ್ಟು ಸಿಟ್ಟಿತ್ತೆಂದರೆ ಪ್ರಯಾಣಿಕರ ಮೇಲೆಲ್ಲ ರೇಗಿದೆ. ಆಮೇಲೆ ಒಂದು ದಿನ ಖಾಲಿ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತಾಗ, ಅಪ್ಪ ‘ಎಲ್ಲಿ ಹೋದ’ ಎಂದು ನನ್ನ ಬಗ್ಗೆಯೇ ಕೇಳಿದ್ದ ಎಂಬುದು ಹೊಳೆಯಿತು. ಇಷ್ಟು ವರ್ಷ ನನಗೆ ಅದು ಗೊತ್ತಿರಲಿಲ್ಲ. ಅಪ್ಪ ಕೊನೆಗೆ ಕಾಯುತ್ತಿದ್ದದ್ದು ಸಿಗರೇಟಿಗೆ ಎಂದುಕೊಂಡಿದ್ದೆ.

ತಮ್ಮ


ಜುಲೈ 14

ತಮ್ಮಾ,

ಕೂತುಕೊಂಡು ಓದು. ಬಸ್ಸಿನಲ್ಲಿ ನಿಂತು ಓದಬೇಡ.

ಫಲಿತಾಂಶ ಬಂದಿದೆ. ನಿನ್ನಲ್ಲೂ ಆ ನಿಲ್ಲಿಸುವ ಪ್ರೋಟೀನು ಇಲ್ಲ. ನನ್ನದೂ ನಿನ್ನದೂ ಒಂದೇ. ಡಾಕ್ಟರಮ್ಮ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಇಬ್ಬರದೂ ಅಕ್ಷರ ಅಕ್ಷರ ಒಂದೇ ಇತ್ತು. ನಾನು ಒಬ್ಬಳೇ ಅಲ್ಲ ಎಂದು ಒಂದು ಕ್ಷಣ ಸಮಾಧಾನವಾಯಿತು. ಆ ಕ್ಷಣಕ್ಕೆ ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿತು. ಮುಚ್ಚಿಡುವ ಚಾಳಿ ಬಿಡಬೇಕೆಂದು ಇದನ್ನೂ ಬರೆದಿದ್ದೇನೆ.

ಹೋದ ಶ್ವಾಸಕೋಶ ವಾಪಸು ಬರುವುದಿಲ್ಲವಂತೆ. ಉಳಿದದ್ದನ್ನು ಉಳಿಸಿಕೊಳ್ಳಬಹುದಂತೆ. “ಅವರಿಗೆ ಮೊದಲು ಸಿಗರೇಟು ನಿಲ್ಸೋಕೆ ಹೇಳಿ. ಯಾವ ಔಷಧಿಗಿಂತಲೂ ಅದು ಹೆಚ್ಚು ವರ್ಷ ಕೊಡುತ್ತೆ,” ಎಂದರು. ನಮ್ಮ ರಕ್ತಕ್ಕೆ ನಿಲ್ಲಿಸಲು ಬರುವುದಿಲ್ಲ ತಮ್ಮಾ. ನಿನ್ನ ಕೈಗೆ ಬರುತ್ತದೆ. ಅಪ್ಪನಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ನಾವು ಬಚ್ಚಿಡುವುದು, ಹುಡುಕುವುದು, ಇಷ್ಟನ್ನೇ ಆಡುತ್ತಿದ್ದೆವು.

ನಾನು ಈಗ ದೂರ ಪ್ರಯಾಣ ಮಾಡಲಾರೆ. ಇಲ್ಲದಿದ್ದರೆ ಈ ಕಾಗದ ಬರೆಯದೆ ನಾನೇ ಬಂದು ಹೇಳುತ್ತಿದ್ದೆ. ಒಂದು ಸಾಲು ಬರೆ. ಬಯ್ದಾದರೂ ಬರೆ.

ಅಕ್ಕ


ಆಗಸ್ಟ್ 6

ಪೊಲೀಸಮ್ಮನಿಗೆ,

ನಿನ್ನ ಕಾಗದವನ್ನು ಕೂತೇ ಓದಿದೆ. ಓದಿ ಮುಗಿಸಿ, ಅಭ್ಯಾಸಬಲ, ಜೇಬಿಗೆ ಕೈ ಹಾಕಿದೆ. ಒಂದನ್ನು ಬಾಯಿಗೂ ಇಟ್ಟೆ. ಕಡ್ಡಿ ಗೀರಿದೆ. ಹಚ್ಚಲಿಲ್ಲ. ಕಡ್ಡಿ ಬೆರಳು ಸುಡುವವರೆಗೆ ಉರಿಯಿತು.

ಅದಾಗಿ ಹದಿನೇಳು ದಿನ. ದೊಡ್ಡ ಸಾಧನೆ ಎಂದು ಹೇಳುವುದಿಲ್ಲ. ಐದನೆಯ ದಿನ ಡ್ರೈವರನಿಂದ ಒಂದು ಇಸಿದುಕೊಂಡು ಅರ್ಧ ಸೇದಿದ್ದೇನೆ, ನಿನ್ನ ಹಾಗೆ ನಾನೂ ಮುಚ್ಚಿಡುವುದಿಲ್ಲ. ಎಸೆದರೆ ಮತ್ತೆ ಕೊಳ್ಳುತ್ತೇನೆ ಎಂದು ಗೊತ್ತು, ಅದಕ್ಕೆ ಪ್ಯಾಕೆಟ್ಟನ್ನು ಎಸೆದಿಲ್ಲ. ಈ ಪಾರ್ಸೆಲ್ಲಿನಲ್ಲಿ ನಿನಗೆ ಕಳಿಸಿದ್ದೇನೆ. ಒಳಗೆ ಬಾಯಿಗಿಟ್ಟು ತೆಗೆದದ್ದೂ ಇದೆ, ತುದಿ ಒದ್ದೆಯಾಗಿ ಒಣಗಿದೆ, ಬೇಜಾರು ಮಾಡಿಕೊಳ್ಳಬೇಡ.

ಅಪ್ಪನದನ್ನು ಬಚ್ಚಿಟ್ಟವಳು ನೀನು. ನನ್ನದನ್ನೂ ಬಚ್ಚಿಡು. ಹತ್ತು ದಿನ ರಜೆ ಬರೆದುಕೊಟ್ಟಿದ್ದೇನೆ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ, ಈ ಸಲ ಟಿಕೆಟ್ ತೆಗೆದುಕೊಂಡು. ನಿಲ್ದಾಣಕ್ಕೆ ಬರುವ ಸಾಹಸ ಮಾಡಬೇಡ. ನಾನೇ ನಿಧಾನಕ್ಕೆ ನಡೆದು ಬರುತ್ತೇನೆ, ನಡುವೆ ಎರಡು ಸಲ ನಿಲ್ಲಬೇಕಾಗುತ್ತದೆ. ತಡವಾದರೆ ಬಾಗಿಲು ನೋಡುತ್ತಾ ಕೂರು. ಬರುತ್ತೇನೆ.

ಬಂದು ಮನೆಯೆಲ್ಲ ಹುಡುಕುತ್ತೇನೆ. ಏಪ್ರನ್ ಜೇಬಿನಲ್ಲಿ ಮಾತ್ರ ಇಡಬೇಡ. ಮೊದಲು ಅಲ್ಲೇ ನೋಡುತ್ತೇನೆ.

ಪತ್ತೇದಾರ